ತೋಳಿನ ಬ್ಯಾಡ್ಜೂ ಕೊರಳಿನ ಗಂಟೂ

ಪುಸ್ತಕ, ನಾಟಕ, ಯಕ್ಷಗಾನಗಳ ವಿಮರ್ಶೆ ಬರುವ ಪುಟಗಳಲ್ಲಿ ಮಕ್ಕಳ ಅಂಗಿಯ ತೋಳಿಗೆ ಹೊಲಿಯುವ ಬಣ್ಣದ ಬಟ್ಟೆಯ ತುಂಡೊಂದನ್ನು ವಿಮರ್ಶೆಗೆ ಎತ್ತಿಕೊಂಡರೆ ಕೆಲವು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಸ್ಕೌಟ್ ಚಳವಳಿ ಬೆಳೆದದ್ದೇ ಒಂದು ಪುಸ್ತಕದಿಂದ. ಆ ಪುಸ್ತಕವನ್ನು ವಿಮರ್ಶಿಸುವ ಹಕ್ಕು ನಮಗಿದ್ದರೆ, ಅದು ಹುಟ್ಟುಹಾಕಿದ ಬ್ಯಾಡ್ಜಿನ ಪದ್ಧತಿಯನ್ನೂ ಒರೆಗೆ ಹಚ್ಚಿ ನೋಡುವ ಹಕ್ಕು ಇರಬೇಕು. ನೂರು ವರ್ಷಕ್ಕೂ ಮಿಕ್ಕಿ ಬಾಳಿದ ಈ ಪದ್ಧತಿಯಲ್ಲಿ ಮೆಚ್ಚಬೇಕಾದದ್ದು ಬಹಳ ಇದೆ. ಕೆಡುಕಿನ ಬೀಜವೂ ಅದರ ಒಳಗೇ ಇದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಹೊರನಾಡಿನ ನಮ್ಮ ಮನೆಗಳಿಗೆ ಇದು ದೂರದ ವಿಷಯವಲ್ಲ. ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಊರಿನಲ್ಲಿ ತಾನಾಗಿ ದಕ್ಕುತ್ತಿದ್ದ ಎಷ್ಟೋ ವಿದ್ಯೆಗಳು ಇಲ್ಲಿ ದಕ್ಕುವುದಿಲ್ಲ. ಸೌದೆಯ ಒಲೆ ಹೊತ್ತಿಸುವುದು, ಕೆರೆಯಲ್ಲಿ ಈಜುವುದು, ದಿಕ್ಕು ನೋಡಿ ದಾರಿ ಹಿಡಿಯುವುದು, ಹಗ್ಗಕ್ಕೆ ಕುಣಿಕೆ ಹಾಕುವುದು — ಇವನ್ನು ನಮ್ಮ ಹಿಂದಿನ ತಲೆಮಾರಿನವರು ಯಾರ ಬಳಿಯೂ ಪಾಠ ಹೇಳಿಸಿಕೊಂಡು ಕಲಿತವರಲ್ಲ. ಎತ್ತನ್ನು ಗೂಟಕ್ಕೆ ಕಟ್ಟಿದ ಹುಡುಗನಿಗೆ ಯಾರೂ ಬ್ಯಾಡ್ಜು ಕೊಡಲಿಲ್ಲ. ಗಂಟು ಸಡಿಲವಾಗಿದ್ದರೆ ಬೆಳಗಾಗುವಷ್ಟರಲ್ಲಿ ಎತ್ತು ಪಕ್ಕದವರ ಹೊಲದಲ್ಲಿರುತ್ತಿತ್ತು. ಪರೀಕ್ಷೆಯೂ ಅದೇ, ಫಲಿತಾಂಶವೂ ಅದೇ. ಎರಡು ಕೋಣೆಯ ಮನೆಯಲ್ಲಿ, ಲಿಫ್ಟು ಮತ್ತು ಶಾಲೆಯ ಬಸ್ಸಿನ ನಡುವೆ ಬೆಳೆಯುವ ಮಗುವಿಗೆ ಆ ವಿದ್ಯೆ ಸಿಕ್ಕುವ ಕೆಲವೇ ಜಾಗಗಳಲ್ಲಿ ಶಾಲೆಯ ಸ್ಕೌಟು ದಳ, ಗೈಡು ದಳ ಒಂದು. ಆದ್ದರಿಂದ ಅಲ್ಲಿ ನಡೆಯುವುದು ಕಲಿಕೆಯೋ ಬ್ಯಾಡ್ಜಿನ ಸಂಗ್ರಹವೋ ಎಂಬ ಪ್ರಶ್ನೆ ನಮಗೆ ಇತರರಿಗಿಂತ ಹೆಚ್ಚಿನದು.

ಮೊದಲು ಚರಿತ್ರೆಯನ್ನು ಸ್ವಲ್ಪ ನೋಡೋಣ. ರಾಬರ್ಟ್ ಬೇಡನ್ ಪೊವೆಲ್ ಬ್ರಿಟಿಷ್ ಸೈನ್ಯದ ಅಧಿಕಾರಿ. 1897ರಲ್ಲಿ ಮೀರತ್ತಿನ ದಂಡಿನಲ್ಲಿದ್ದಾಗ ಅವರು ತಮ್ಮ ಕುದುರೆ ದಳದ ಸೈನಿಕರಿಗೆ ಬೇಹು ನೋಡುವ ವಿದ್ಯೆ ಕಲಿಸಿ, ಅದರಲ್ಲಿ ಗೆದ್ದವರಿಗೆ ದಿಕ್ಸೂಚಿಯ ಉತ್ತರದ ಮೊನೆಯ ಆಕಾರದ ಒಂದು ಬ್ಯಾಡ್ಜು ಕೊಡುವ ಪದ್ಧತಿ ಇಟ್ಟರು. ಇಂದು ಜಗತ್ತಿನ ಮೂಲೆ ಮೂಲೆಯ ಸ್ಕೌಟು ಹುಡುಗರು ಧರಿಸುವ ಆ ಮೂರೆಸಳಿನ ಗುರುತಿನ ಮೂಲ ನಮ್ಮ ದೇಶದ ದಂಡಿನಲ್ಲಿದೆ ಎಂಬುದು ಸ್ವಾರಸ್ಯದ ಸಂಗತಿ. ಮುಂದೆ ದಕ್ಷಿಣ ಆಫ್ರಿಕದ ಮಾಫೆಕಿಂಗ್ ಊರನ್ನು ಬೋಯರರು 217 ದಿನ ಮುತ್ತಿದಾಗ, ಅಲ್ಲಿನ ಹುಡುಗರು ಸಂದೇಶ ಒಯ್ಯುವ ಕೆಲಸವನ್ನು ಹೊಣೆಯರಿತು ಮಾಡಿದ್ದನ್ನು ಅವರು ಕಂಡರು. 1907ರ ಆಗಸ್ಟಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರ ಶಿಬಿರ ನಡೆಸಿದರು. ದೊಡ್ಡ ಮನೆತನದ ಹುಡುಗರನ್ನೂ ದುಡಿಯುವ ಮನೆಗಳ ಹುಡುಗರನ್ನೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿಸಿದ್ದರು. 1908ರ ಜನವರಿಯಿಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಹದಿನೈದು ದಿನಕ್ಕೊಂದರಂತೆ ಆರು ಕಂತುಗಳಲ್ಲಿ ಹೊರಬಂತು. ಹುಡುಗರು ಅದನ್ನು ಓದಿ, ದೊಡ್ಡವರ ಅಪ್ಪಣೆಗೂ ಕಾಯದೆ ತಾವೇ ದಳ ಕಟ್ಟಿಕೊಂಡರು. 1910ರಲ್ಲಿ ಹುಡುಗಿಯರಿಗಾಗಿ ಗೈಡ್ ಸಂಸ್ಥೆ ಹುಟ್ಟಿತು. ಮರುವರ್ಷವೇ ಜಬಲ್ಪುರದಲ್ಲಿ ನಮ್ಮ ದೇಶದ ಮೊದಲ ಗೈಡು ದಳ ಏರ್ಪಟ್ಟಿತು.

ಆ ಪುಸ್ತಕದಲ್ಲಿ ಮೂರು ಮೆಟ್ಟಿಲುಗಳಿದ್ದವು. ಹೊಸಬ ‘ಟೆಂಡರ್‌ಫುಟ್’, ಅಂದರೆ ಇನ್ನೂ ಅಂಗಾಲು ಗಟ್ಟಿಯಾಗದವನು. ಆಮೇಲೆ ಸೆಕೆಂಡ್ ಕ್ಲಾಸು, ಫಸ್ಟ್ ಕ್ಲಾಸು. ಹೆಸರುಗಳು ರೈಲಿನ ಡಬ್ಬಿಗಳನ್ನು ನೆನಪಿಸುತ್ತವೆ. ಅದು ಆ ಕಾಲದ, ಆ ಸಮಾಜದ ಮಾತು. ಪರೀಕ್ಷೆಗಳನ್ನು ನೋಡಿದರೆ ಮಾತ್ರ ಅವರ ಮೇಲೆ ಗೌರವ ಹುಟ್ಟುತ್ತದೆ. ಸೆಕೆಂಡ್ ಕ್ಲಾಸಿಗೆ ಹುಡುಗ ಎರಡೇ ಬೆಂಕಿಕಡ್ಡಿಯಲ್ಲಿ ಒಲೆ ಹೊತ್ತಿಸಬೇಕು. ಕಾಲು ಪೌಂಡು ಮಾಂಸ, ಎರಡು ಆಲೂಗಡ್ಡೆ ತನ್ನ ಡಬ್ಬಿಯೊಂದರಲ್ಲೇ ಬೇಯಿಸಬೇಕು. ಹನ್ನೆರಡು ನಿಮಿಷದಲ್ಲಿ ಒಂದು ಮೈಲಿಯನ್ನು ಸ್ವಲ್ಪ ಓಟ, ಸ್ವಲ್ಪ ನಡಿಗೆಯಲ್ಲಿ ಮುಗಿಸಬೇಕು. ದಿಕ್ಸೂಚಿಯ ಹದಿನಾರು ಬಿಂದುಗಳು ಗೊತ್ತಿರಬೇಕು. ಉಳಿತಾಯದ ಬ್ಯಾಂಕಿನಲ್ಲಿ ಆರು ಪೆನ್ಸಾದರೂ ಇರಬೇಕು. ಕಣ್ಣಿನ ಚುರುಕಿಗಾಗಿ ಹೆಜ್ಜೆಯ ಜಾಡು ಹಿಡಿಯಬೇಕು, ಇಲ್ಲವೆ ಹರಡಿಟ್ಟ 24 ವಸ್ತುಗಳನ್ನು ಒಂದು ನಿಮಿಷ ನೋಡಿ ಅವುಗಳಲ್ಲಿ ಹದಿನಾರನ್ನು ನೆನಪಿನಿಂದ ಹೇಳಬೇಕು. ಈ ಆಟವನ್ನು ಅವರು ಎತ್ತಿಕೊಂಡದ್ದು ಕಿಪ್ಲಿಂಗರ 1901ರ ‘ಕಿಮ್’ ಕಾದಂಬರಿಯಿಂದ. ಕಿಮ್ ಲಾಹೋರಿನ ಬೀದಿಯ ಹುಡುಗ. ಫಸ್ಟ್ ಕ್ಲಾಸಿಗೆ ಐವತ್ತು ಗಜ ಈಜಬೇಕು. ಏಳು ಮೈಲಿ ದೂರದ ಜಾಗಕ್ಕೆ ಒಬ್ಬನೇ ನಡೆದೋ ದೋಣಿ ಹುಟ್ಟು ಹಾಕಿಯೋ ಹೋಗಿ ಬರಬೇಕು. ದೂರ, ಎತ್ತರ, ಸಂಖ್ಯೆಗಳನ್ನು ಕಣ್ಣಳತೆಯಿಂದಲೇ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ತಪ್ಪಿಲ್ಲದೆ ಹೇಳಬೇಕು.

ಈ ಪಟ್ಟಿಯ ಗುಣ ಏನೆಂದರೆ, ಇಲ್ಲಿ ಹೆಚ್ಚಿನದಕ್ಕೆ ಪರೀಕ್ಷಕನೇ ಬೇಡ. ಒಲೆ ಹೊತ್ತಿತೋ ಇಲ್ಲವೋ, ಆಲೂಗಡ್ಡೆ ಬೆಂದಿತೋ ಇಲ್ಲವೋ, ಹುಡುಗ ದಾರಿ ತಪ್ಪದೆ ಮನೆಗೆ ಬಂದನೋ ಇಲ್ಲವೋ, ಎಲ್ಲವೂ ಕಣ್ಣೆದುರಿಗೇ ಇದೆ. ಗೂಟಕ್ಕೆ ಕಟ್ಟಿದ ಎತ್ತಿನ ಪರೀಕ್ಷೆಯಂತೆಯೇ ಇದೂ. ಉರು ಹೊಡೆದು ಒಪ್ಪಿಸುವುದಕ್ಕೆ ಇಲ್ಲಿ ಜಾಗ ಕಡಿಮೆ.

ಆದರೆ ಆ ಪಟ್ಟಿಯ ಮುಕುಟಮಣಿ ಬೇರೊಂದಿದೆ. ಫಸ್ಟ್ ಕ್ಲಾಸಿಗೆ ಏರುವ ಹುಡುಗ ತಾನೇ ತರಬೇತು ಕೊಟ್ಟ ಒಬ್ಬ ಟೆಂಡರ್‌ಫುಟ್ ಹುಡುಗನನ್ನು ಕರೆತಂದು ನಿಲ್ಲಿಸಬೇಕು. ತಾನು ಈಜಿದ, ನಡೆದ, ಅಡುಗೆ ಮಾಡಿದ ಮಾತ್ರಕ್ಕೆ ಮೇಲಿನ ಮೆಟ್ಟಿಲು ಸಿಕ್ಕದು. ಕೆಳಗಿನ ಮೆಟ್ಟಿಲಿಗೆ ಇನ್ನೊಬ್ಬನನ್ನು ಕೈಹಿಡಿದು ಹತ್ತಿಸಿರಬೇಕು. ನಮ್ಮ ಶಾಲೆ ಕಾಲೇಜುಗಳ ಯಾವ ಪರೀಕ್ಷೆಯಲ್ಲಿಯೂ ಈ ನಿಯಮವನ್ನು ನಾವು ಕಂಡಿಲ್ಲ. ಪಕ್ಕದ ಹುಡುಗನಿಗೆ ಹೇಳಿಕೊಟ್ಟರೆ ನಮ್ಮಲ್ಲಿ ಅಂಕ ಕಳೆಯುತ್ತಾರೆ. ಹೇಳಿಕೊಡದಿದ್ದರೆ ಇವರು ಬ್ಯಾಡ್ಜನ್ನೇ ಕೊಡುತ್ತಿರಲಿಲ್ಲ. ಇಡೀ ಪದ್ಧತಿಯನ್ನು ಎತ್ತಿ ಹಿಡಿಯುವ ಕಂಬ ಇದೇ ಎಂದು ನಾವು ತಿಳಿಯುತ್ತೇವೆ.

ಇದರ ಜೊತೆಗೆ ಮುಖ್ಯವಾದ ಇನ್ನೊಂದು ತತ್ವ ಇದೆ. ದಳ ನಡೆಸುವ ಗುರುಗಳಿಗಾಗಿ ಮುಂದೆ ಬರೆದ ‘ಏಡ್ಸ್ ಟು ಸ್ಕೌಟ್‌ಮಾಸ್ಟರ್‌ಶಿಪ್’ ಪುಸ್ತಕದಲ್ಲಿ ಬೇಡನ್ ಪೊವೆಲ್ಲರು ಬ್ಯಾಡ್ಜಿನ ಅಳತೆಗೋಲನ್ನು ಸ್ಪಷ್ಟಪಡಿಸಿದ್ದಾರೆ. ಹುಡುಗ ಎಷ್ಟು ಜಾಣ ಎಂಬುದಲ್ಲ, ಎಷ್ಟು ಶ್ರಮಪಟ್ಟ ಎಂಬುದನ್ನು ನೋಡಿ ಬ್ಯಾಡ್ಜು ಕೊಡಬೇಕೆಂಬುದು ಅವರ ನಿಲುವು. ಹಿಂದುಳಿದ ಹುಡುಗನಿಗೂ ಒಂದು ಹುಮ್ಮಸ್ಸು ಸಿಗಲಿ ಎಂದು ಹುಟ್ಟಿದ ಪದ್ಧತಿ ಅದು. ಮೊದಲನೆಯವನು ಯಾರು, ಕೊನೆಯವನು ಯಾರು ಎಂದು ಸಾಲು ಹಚ್ಚುವುದಕ್ಕಲ್ಲ. ಬ್ಯಾಡ್ಜಿನ ಬೇಟೆಗೆ ಹೊರಡುವ ಹುಡುಗರ ಬಗ್ಗೆಯೂ ಅವರು ಗುರುಗಳನ್ನು ಎಚ್ಚರಿಸಿದ್ದರು. ರೋಗ ಹೊಸದಲ್ಲ, ವೈದ್ಯರೇ ಅದನ್ನು ಮೊದಲು ಗುರುತಿಸಿದ್ದರು.

ಪುಸ್ತಕದ ಇನ್ನೊಂದು ಪುಟ್ಟ ವಿವರ ನಮ್ಮ ಮನಸ್ಸನ್ನು ಬಹಳ ಹಿಡಿದಿದೆ. ಸ್ಕೌಟು ದಿನಕ್ಕೊಂದಾದರೂ ಉಪಕಾರದ ಕೆಲಸ ಮಾಡಬೇಕು, ಅದಕ್ಕೆ ಪ್ರತಿಫಲ ಮುಟ್ಟಬಾರದು. ಮರೆಯದಿರಲಿ ಎಂದು ಕೊರಳಿನ ವಸ್ತ್ರಕ್ಕೆ ಬೆಳಿಗ್ಗೆ ಒಂದು ಗಂಟು ಹಾಕಿಕೊಳ್ಳಬೇಕು. ಕೆಲಸ ಮಾಡಿದ ಮೇಲೆ ಬಿಚ್ಚಬೇಕು. ಸೆರಗಿನ ತುದಿಗೆ ನೆನಪಿನ ಗಂಟು ಹಾಕುವ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಇಲ್ಲಿ ಎರಡು ಗುರುತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು, ತೋಳಿಗೆ ಹೊಲಿದ ಬ್ಯಾಡ್ಜು. ಅದು ಒಮ್ಮೆ ಬಂದರೆ ಉಳಿಯುತ್ತದೆ, ಎಲ್ಲರ ಕಣ್ಣಿಗೂ ಕಾಣುತ್ತದೆ, ಎಣಿಸಲು ಬರುತ್ತದೆ. ಇನ್ನೊಂದು, ಕೊರಳಿನ ಗಂಟು. ಕೆಲಸವಾಯಿತೆಂದರೆ ಅದು ಮಾಯ. ಮರುದಿನ ಮತ್ತೆ ಮೊದಲಿನಿಂದ. ನೂರು ಉಪಕಾರ ಮಾಡಿದ ಹುಡುಗನ ಕೊರಳಿನಲ್ಲೂ ಸಂಜೆ ಹೊತ್ತಿಗೆ ಏನೂ ಇರುವುದಿಲ್ಲ. ಸ್ಕೌಟು ನಿಯಮಗಳಲ್ಲಿ ಮೊದಲು ಬರುವ ನಂಬಿಕೆ, ನಿಷ್ಠೆ, ಪರೋಪಕಾರಗಳಿಗೆ ಬ್ಯಾಡ್ಜು ಇಲ್ಲ. ಈಜು, ಅಡುಗೆ, ಪ್ರಥಮ ಚಿಕಿತ್ಸೆಗಳಿಗೆ ಇದೆ. ಎಣಿಸಲು ಬರುವುದಕ್ಕೆ ಗುರುತು ಸಿಕ್ಕಿತು, ಎಣಿಸಲು ಬಾರದ್ದು ಗಂಟಿನ ಪಾಲಾಯಿತು. ಇದು ಪದ್ಧತಿಯ ವಿವೇಕವೂ ಹೌದು, ದೌರ್ಬಲ್ಯವೂ ಹೌದು. ವಿವೇಕ ಏಕೆಂದರೆ ಸಜ್ಜನಿಕೆಗೆ ಬ್ಯಾಡ್ಜು ಕೊಟ್ಟಿದ್ದರೆ ಸಜ್ಜನಿಕೆಯೇ ಕೆಡುತ್ತಿತ್ತು. ದೌರ್ಬಲ್ಯ ಏಕೆಂದರೆ, ಕಾಣುವ ಗುರುತೊಂದು, ಕಾಣದ ಗುರುತೊಂದು ಇದ್ದಾಗ, ಮಕ್ಕಳೂ ತಂದೆತಾಯಿಯರೂ ಕಾಣುವುದರ ಹಿಂದೆಯೇ ಹೋಗುತ್ತಾರೆ.

ಮೆಚ್ಚುವ ಭರದಲ್ಲಿ ಮರೆಯಬಾರದ ಸಂಗತಿ ಇನ್ನೊಂದಿದೆ, ಅದು ನಮ್ಮ ನಾಡಿಗೇ ಸೇರಿದ್ದು. ಭಾರತದಲ್ಲಿ ಮೊದಲ ಸ್ಕೌಟು ದಳ ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲಿ. ಕಟ್ಟಿದವರು ಕ್ಯಾಪ್ಟನ್ ಟಿ. ಎಚ್. ಬೇಕರ್. ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ಇದು. ಆದರೆ ಆ ದಳ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. 1908ರ ಪುಸ್ತಕದ ನಾಲ್ಕನೆಯ ನಿಯಮ, ಒಬ್ಬ ಸ್ಕೌಟು ಇನ್ನೊಬ್ಬ ಸ್ಕೌಟಿಗೆ ಅಣ್ಣತಮ್ಮನಂತೆ, ಅವನು ಯಾವ ಸಾಮಾಜಿಕ ವರ್ಗದವನಾದರೂ ಸರಿ ಎನ್ನುತ್ತದೆ. ವರ್ಗದ ಮಾತು ಬಂತು. ಬಣ್ಣದ ಮಾತು ಬರಲಿಲ್ಲ. ಮೈಸೂರು ಸಂಸ್ಥಾನದ ಹುಡುಗ ತನ್ನೂರಿನಲ್ಲೇ ನಡೆಯುತ್ತಿದ್ದ ದಳದ ಬೇಲಿಯಾಚೆ ನಿಲ್ಲಬೇಕಾಗಿತ್ತು. ಏಣಿ ಎಷ್ಟು ಚೆಂದವಾಗಿದ್ದರೇನು, ಮೊದಲ ಮೆಟ್ಟಿಲಿಗೇ ಕಾವಲು ನಿಂತಿದ್ದರೆ?

ಆ ಕಾವಲನ್ನು ನಮ್ಮವರು ತಾವೇ ದಾಟಿದರು. 1913ರಲ್ಲಿ ಮಧ್ಯಪ್ರಾಂತದಲ್ಲಿ ವಿವಿಯನ್ ಬೋಸರು ಭಾರತೀಯ ಹುಡುಗರ ದಳ ಕಟ್ಟಿದರು; ಅವರು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. 1916ರಲ್ಲಿ ಮದ್ರಾಸಿನಲ್ಲಿ ಆನಿ ಬೆಸೆಂಟರು ಅರುಂಡೇಲರೊಡನೆ ಭಾರತೀಯ ಸ್ಕೌಟು ಸಂಘ ಸ್ಥಾಪಿಸಿದರು. 1918ರಲ್ಲಿ ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರ ಸೇವಾ ಸಮಿತಿ ಸ್ಕೌಟು ಸಂಘ ಬಂತು. ಹೀಗೆ ಹರಿದು ಹಂಚಿದ್ದ ಸಂಘಗಳು 1950ರ ನವೆಂಬರ್ 7ರಂದು ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಎಂಬ ಒಂದೇ ಹೆಸರಿನಲ್ಲಿ ಕೂಡಿದವು; 1951ರ ಆಗಸ್ಟ್ 15ರಂದು ಗೈಡುಗಳ ಸಂಘವೂ ಸೇರಿತು. ಇಂದು ನಮ್ಮ ಮಕ್ಕಳು ಹತ್ತುವ ಏಣಿ ಇದೇ ಸಂಸ್ಥೆಯದು.

ಈ ಏಣಿಯ ಹೆಸರುಗಳನ್ನು ಒಂದು ಕವಿತೆಯ ಸಾಲುಗಳನ್ನು ಓದುವ ಹಾಗೆ ಓದಬೇಕು. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ‘ಫಸ್ಟ್ ಕ್ಲಾಸ್’ ಎಂಬಲ್ಲಿ ಇದ್ದ ವರ್ಗದ ವಾಸನೆ ‘ಸೋಪಾನ’ದಲ್ಲಿ ಇಲ್ಲ. ಸೋಪಾನವೆಂದರೆ ಕಾಲಿಟ್ಟು ಮುಂದಕ್ಕೆ ಹೋಗುವ ಜಾಗ, ಕುಳಿತುಕೊಳ್ಳುವ ಜಾಗವಲ್ಲ. ಹೆಸರಿಟ್ಟವರಿಗೆ ಭಾಷೆಯ ಹದ ಗೊತ್ತಿತ್ತು. ಆದರೆ ಮೂರು ಸೋಪಾನ ಮುಗಿದದ್ದೇ ಮಾತಿನ ಧಾಟಿ ಬದಲಾಗುತ್ತದೆ. ನಾಲ್ಕನೆಯದನ್ನು ಸೋಪಾನವೆನ್ನದೆ ಪುರಸ್ಕಾರವೆಂದರು. ಅಲ್ಲಿಯವರೆಗೆ ಹತ್ತುವವನ ಮಾತು, ಅಲ್ಲಿಂದಾಚೆಗೆ ಕೊಡುವವರ ಮಾತು. 1909ರಲ್ಲಿ ಇಂಗ್ಲೆಂಡಿನವರು ಫಸ್ಟ್ ಕ್ಲಾಸಿನ ಮೇಲೆ ‘ಕಿಂಗ್ಸ್ ಸ್ಕೌಟ್’ ಎಂಬ ಮೆಟ್ಟಿಲು ಇಟ್ಟಾಗಲೂ ಆದದ್ದು ಇದೇ. ಪುಟ್ಟ ಹುಡುಗಿಯರ ಬುಲ್‌ಬುಲ್ ವಿಭಾಗದ ಹೆಸರುಗಳು ಇನ್ನೂ ಸೊಗಸು: ಕೋಮಲ ಪಂಖ, ರಜತ ಪಂಖ, ಸ್ವರ್ಣ ಪಂಖ, ಹೀರಕ ಪಂಖ. ಹಕ್ಕಿಮರಿಗೆ ಮೊದಲು ಮೆತ್ತನೆಯ ಗರಿ, ಆಮೇಲೆ ಬೆಳ್ಳಿಯದು, ಚಿನ್ನದ್ದು, ಕೊನೆಗೆ ವಜ್ರದ್ದು. ಮೆತ್ತನೆಯ ಗರಿಯಿಂದ ಹಾರಲಾದೀತು. ವಜ್ರದ ಗರಿ ಕಟ್ಟಿಕೊಂಡ ಹಕ್ಕಿ ಹೇಗೆ ಹಾರುತ್ತದೋ ಹೆಸರಿಟ್ಟವರೇ ಹೇಳಬೇಕು.

ಬಿರುದು ನಮಗೆ ಹೊಸದಲ್ಲ. ಕನ್ನಡದ ಶಾಸನಗಳಲ್ಲಿ ಬಿರುದಾವಳಿ ಸಾಲುಗಟ್ಟಲೆ ಹರಿಯುತ್ತದೆ. ವೀರರ ಕಾಲಿಗೆ ಗಂಡಪೆಂಡೇರ ತೊಡಿಸಿದ ನಾಡು ನಮ್ಮದು. ಮೆಟ್ಟಿಲುಗಳ ಕಲ್ಪನೆಯೂ ಹೊಸದಲ್ಲ. ಶರಣರ ಷಟ್‌ಸ್ಥಲದಲ್ಲಿ ಭಕ್ತನಿಂದ ಐಕ್ಯನವರೆಗೆ ಆರು ನೆಲೆಗಳಿವೆ. ಅಲ್ಲಿ ಮೇಲೇರಿದಷ್ಟೂ ‘ನಾನು’ ಕರಗುತ್ತದೆ. ಕೊನೆಯ ನೆಲೆಯಲ್ಲಿ ಪದಕ ತೊಡಿಸೋಣವೆಂದರೆ ತೊಡುವವನೇ ಬೇರೆಯಾಗಿ ಉಳಿದಿರುವುದಿಲ್ಲ. ಹನ್ನೆರಡು ವರ್ಷದ ಹುಡುಗನಿಂದ ಆ ಎತ್ತರವನ್ನು ಯಾರೂ ಕೇಳುತ್ತಿಲ್ಲ. ಬಿರುದಿನ ಏಣಿ ಬೇರೆ, ಬೆಳವಣಿಗೆಯ ಏಣಿ ಬೇರೆ ಎಂಬ ತಿಳುವಳಿಕೆ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಇದೆ ಎಂದು ನೆನಪಿಸಲು ಮಾತ್ರ ಇದನ್ನು ಹೇಳಿದೆವು.

ಬಿರುದು ನಾಣ್ಯವಾದಾಗ ತೊಡಕು ಹೆಚ್ಚುತ್ತದೆ. ಭಾರತೀಯ ರೈಲ್ವೆಯಲ್ಲಿ ಸ್ಕೌಟು, ಗೈಡುಗಳಿಗೆಂದೇ ನೇಮಕಾತಿಯ ಒಂದು ಕೋಟಾ ಇದೆ. ರಾಷ್ಟ್ರಪತಿ ಪುರಸ್ಕಾರ ಪಡೆದಿರುವುದು ಅದಕ್ಕೆ ಬೇಕಾದ ಅರ್ಹತೆಗಳಲ್ಲಿ ಒಂದು. ಕೇರಳದಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಸ್ಕೌಟಿಂಗಿನ ಹೆಸರಿನಲ್ಲಿ ಕೃಪಾಂಕ ಕೊಡುವ ಪದ್ಧತಿ ಬೆಳೆದುಬಂದಿದೆ. ಅಮೆರಿಕದಲ್ಲಿ ‘ಈಗಲ್ ಸ್ಕೌಟ್’ ಆಗಲು ಇತರ ನಿಯಮಗಳ ಜೊತೆಗೆ 21 ಮೆರಿಟ್ ಬ್ಯಾಡ್ಜು ಬೇಕು. ಹಾಗೆ ಆದವರು ಕಾಲೇಜಿನ ಅರ್ಜಿಯಲ್ಲಿ ಅದನ್ನು ಬರೆಯಲು ಮರೆಯುವುದಿಲ್ಲ. ಇದನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಗ್ಯಾಂಗ್‌ಮನ್ ಒಬ್ಬರ ಮಗ ಹತ್ತು ವರ್ಷ ದಳದಲ್ಲಿ ದುಡಿದು, ಜಾತ್ರೆಯಲ್ಲಿ ನೀರು ಕೊಟ್ಟು, ರಕ್ತದಾನ ಶಿಬಿರಗಳಲ್ಲಿ ಕೆಲಸ ಮಾಡಿ, ಅದರ ಬಲದಿಂದ ನೌಕರಿ ಪಡೆದರೆ ಅದಕ್ಕಿಂತ ಸಂತೋಷ ಯಾವುದಿದೆ? ಹೊಟ್ಟೆ ತುಂಬಿದವರು ಬಡವನ ಬ್ಯಾಡ್ಜನ್ನು ನೋಡಿ ಮೂಗು ಮುರಿಯುವುದು ಸಲ್ಲದು. ಆದರೆ ನೌಕರಿಯೋ ಅಂಕವೋ ಕೊನೆಯಲ್ಲಿ ಕಾದಿದೆ ಎಂದು ಮೊದಲೇ ಗೊತ್ತಾದಾಗ, ನಡುವಿನ ಮೆಟ್ಟಿಲುಗಳು ಬರಿಯ ಫಾರಂಗಳಾಗುವ ಅಪಾಯವಿದೆ. ಬೇಯಿಸಿದ ಆಲೂಗಡ್ಡೆಗಿಂತ, ಬೇಯಿಸಿದೆ ಎಂದು ಬರೆದ ಲಾಗ್ ಪುಸ್ತಕ ದೊಡ್ಡದಾಗುತ್ತದೆ.

ಈಗ ನಮ್ಮ ಮನೆಗಳ ಮಾತು. ವಲಸೆ ಬಂದ ನಮಗೆ ಕಾಗದದ ಮೇಲೆ ಮೋಹ ಹೆಚ್ಚು; ಅದಕ್ಕೆ ಕಾರಣವೂ ಇದೆ. ಈ ನಗರಗಳಲ್ಲಿ ನಮಗೆ ಹೊಲವಿರಲಿಲ್ಲ, ಮನೆತನದ ಹೆಸರು ಯಾರಿಗೂ ಗೊತ್ತಿರಲಿಲ್ಲ, ಭಾಷೆಯೂ ಕೈಕೊಟ್ಟಿತ್ತು. ಕೈಹಿಡಿದದ್ದು ಸರ್ಟಿಫಿಕೇಟೇ. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಮುಂಬಯಿ ಕನ್ನಡಿಗರ ತಲೆಮಾರಿಗೆ ಆ ಕಾಗದದ ಬೆಲೆ ಚೆನ್ನಾಗಿ ಗೊತ್ತು. ಹೀಗಿರುವಾಗ ಮಕ್ಕಳ ಬ್ಯಾಡ್ಜನ್ನೂ ಅದೇ ಕಡತಕ್ಕೆ ಸೇರಿಸುವುದು ಸಹಜ. ಚಿತ್ರಕಲೆಯ ಪರೀಕ್ಷೆ, ಭರತನಾಟ್ಯದ ಪರೀಕ್ಷೆ, ಕರಾಟೆಯ ಬೆಲ್ಟು, ಅವುಗಳ ಮೇಲೆ ತೃತೀಯ ಸೋಪಾನ. ಶಿಬಿರಕ್ಕೆ ಹೊರಟ ಮಗನ ಚೀಲವನ್ನು ತಾಯಿ ಜೋಡಿಸುತ್ತಾಳೆ, ಪ್ರಾಜೆಕ್ಟಿನ ಚಿತ್ರಗಳನ್ನು ತಂದೆ ಅಂಟಿಸುತ್ತಾನೆ, ಬ್ಯಾಡ್ಜನ್ನು ಕೆಳಗಿನ ಅಂಗಡಿಯ ದರ್ಜಿ ಹೊಲಿಯುತ್ತಾನೆ. ಹುಡುಗನಿಗೆ ಉಳಿಯುವುದು ಅಂಗಿ ತೊಡುವ ಕೆಲಸ ಮಾತ್ರ. ಸೂಜಿಗೆ ದಾರ ಪೋಣಿಸಲು ಬಾರದ ಹುಡುಗನ ತೋಳಿನಲ್ಲಿ ಹತ್ತು ಬ್ಯಾಡ್ಜು ಇದ್ದರೆ ಅದನ್ನು ಏನೆಂದು ಕರೆಯಬೇಕು? ಮಗುವಿನ ಮೇಲಿನ ಪ್ರೀತಿಯಿಂದಲೇ ನಾವು ಮಗುವಿನ ಕಲಿಕೆಯನ್ನು ಕಸಿದುಕೊಂಡಂತಾಗುತ್ತದೆ.

ಹಾಗಾದರೆ ಬ್ಯಾಡ್ಜೇ ಬೇಡವೆ? ಹಾಗೆ ವಾದಿಸುವವರೂ ಇದ್ದಾರೆ. ನಾವು ಅವರ ಜೊತೆಗಿಲ್ಲ. ಮಕ್ಕಳಿಗೆ ಹತ್ತಿರದ ಗುರಿ ಬೇಕು. ಹತ್ತು ವರ್ಷದ ಮಗುವಿಗೆ ‘ಸತ್ಪ್ರಜೆಯಾಗು’ ಎಂದರೆ ಅರ್ಥವಾಗದು. ‘ಈ ಗಂಟನ್ನು ಕಣ್ಣುಮುಚ್ಚಿ ಹಾಕು ನೋಡೋಣ’ ಎಂದರೆ ಕೂಡಲೇ ಕೈ ಚಾಚುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚಿನವನೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಎಷ್ಟೋ ಹುಡುಗರು ಮೊದಲ ಬಾರಿಗೆ ತಲೆಯೆತ್ತಿ ನಿಲ್ಲುವುದು ಡೇರೆ ಕಟ್ಟುವಾಗ. ಅಂಥವನ ತೋಳಿನ ಬ್ಯಾಡ್ಜನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಏಣಿ ಇರಲಿ, ಅದನ್ನು ಯಾವ ಗೋಡೆಗೆ ಆನಿಸಿದ್ದೇವೆ ಎಂಬುದನ್ನು ಆಗಾಗ ನೋಡುತ್ತಿರಬೇಕು ಎಂಬುದಷ್ಟೇ ನಮ್ಮ ವಾದ.

ಮಗ ಅಥವಾ ಮಗಳು ಹೊಸ ಬ್ಯಾಡ್ಜು ತಂದ ದಿನ ಇನ್ನೆಷ್ಟು ಉಳಿದಿವೆ ಎಂದು ಕೇಳುವ ಬದಲು, ಅದನ್ನು ಮನೆಯಲ್ಲಿ ಮಾಡಿ ತೋರಿಸಲು ಹೇಳೋಣ. ಅಡುಗೆಯ ಬ್ಯಾಡ್ಜು ಬಂದಿದ್ದರೆ ಆ ಭಾನುವಾರದ ಚಿತ್ರಾನ್ನ ಅವರದಾಗಲಿ. ಪ್ರಥಮ ಚಿಕಿತ್ಸೆಯದಾಗಿದ್ದರೆ ಅಜ್ಜಿಯ ಮೊಣಕೈಗೆ ಬ್ಯಾಂಡೇಜು ಕಟ್ಟಿ ತೋರಿಸಲಿ. ಬ್ಯಾಡ್ಜನ್ನು ಅವರೇ ಹೊಲಿದುಕೊಳ್ಳಲಿ, ಸ್ವಲ್ಪ ಸೊಟ್ಟಗಾದರೂ ಚಿಂತೆಯಿಲ್ಲ. ಆಮೇಲೆ 1908ರ ಆ ಹಳೆಯ ನಿಯಮವನ್ನು ನೆನೆದು, ಇದನ್ನು ಯಾರಿಗೆ ಕಲಿಸಿಕೊಟ್ಟೆ ಎಂದು ಒಂದು ಮಾತು ಕೇಳೋಣ. ಸಂಘದ ಮಕ್ಕಳ ಕೂಟಗಳಲ್ಲಿ ಬಹುಮಾನ ಹಂಚುವಾಗಲೂ ಇದೇ ಪ್ರಶ್ನೆ ಕೇಳಬಹುದು. ಕಟ್ಟಡದ ಕಾವಲುಗಾರನ ಮಗನಿಗೋ, ಪಕ್ಕದ ಮನೆಯ ಪುಟ್ಟ ಹುಡುಗಿಗೋ ಒಂದು ಗಂಟು ಹಾಕಲು ಕಲಿಸಿದ್ದರೆ ಆ ಮಗು ಸ್ಕೌಟಾದದ್ದು ಸಾರ್ಥಕ. ತೋಳು ತುಂಬಿದ್ದೂ ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಬೈಯುವುದು ಬೇಡ. ಮರುದಿನ ಬೆಳಿಗ್ಗೆ ಕೊರಳಿನ ವಸ್ತ್ರಕ್ಕೆ ಒಂದು ಗಂಟು ಹಾಕಿ ಶಾಲೆಗೆ ಕಳಿಸಿದರೆ ಸಾಕು.